ಜಗಳವಾಡುವಷ್ಟು ಫ್ರೆಂಚ್

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಮಾಡಿದ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಅವನು ನಮ್ಮ ಪಕ್ಕದ ಊರು ಸಾಂ-ಫಾಬ್ರಿಸ್‌ನ ಮದಾಂ ಆಲ್ಫೊನ್ಸೀನ್ ಅವರನ್ನು ನೋಡಿರಲಿಲ್ಲ ಎಂಬುದಂತೂ ಖಂಡಿತ. ಆ ಅಜ್ಜಿಗೆ ಎಂಬತ್ತೇಳು ವರ್ಷ. ಮಾತು ಬಲ್ಲವರು, ಆದ್ದರಿಂದಲೇ ಜಗಳವಾಡುವವರು. ಚರ್ಚಿನ ಗಂಟೆಯನ್ನು ಎಷ್ಟು ಹೊತ್ತಿಗೆ ಬಾರಿಸಬೇಕೆಂಬ ವಿಚಾರದಲ್ಲಿ ಒಮ್ಮೆ ಬಿಷಪ್ಪರಿಗೇ ಬೆವರಿಳಿಸಿ ಕಳಿಸಿದವರು. ಗಂಡ ಬದುಕಿದ್ದಾಗ ಇಬ್ಬರೂ ಬೆಳಗಿನ ಕಾಫಿಗೆ ಕುಳಿತು ಶುರುಮಾಡಿದ ವಾದ ಸಂಜೆಯ ಸೂಪಿನವರೆಗೆ ನಡೆಯುತ್ತಿತ್ತು. ಊರವರು ಅದನ್ನು ಪ್ರೀತಿ ಎಂದೇ ತಿಳಿದಿದ್ದರು. ಅದು ಪ್ರೀತಿಯೇ ಆಗಿತ್ತು.

ಅವರ ಮಗಳು ಗಿಸ್ಲೇನ್. ಐವತ್ತು ದಾಟಿದ ವಿಧವೆ, ಚೀಸ್ ಅಂಗಡಿ ಇಟ್ಟವಳು, ನಗುಮುಖದವಳು. ಚಳಿಗಾಲ ಬಂತೆಂದರೆ, ಕೆನಡಾದಲ್ಲಿ ಫ್ರೆಂಚ್ ಆಡುವ ನಮ್ಮ ಕೆಬೆಕ್‌ನ ಅರ್ಧ ಜನ ಫ್ಲಾರಿಡಾಕ್ಕೆ ಹೋಗಿ ಬಿಸಿಲಲ್ಲಿ ಕೂರುತ್ತಾರೆ. ಗಿಸ್ಲೇನ್ ಕೂಡ ಹೋದಳು. ಅಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ಆರ್ವಿಲ್ ಸ್ಟಬ್ಸ್ ಎಂಬ, ನಮ್ಮ ನೆರೆಯ ಪ್ರಾಂತ್ಯ ಒಂಟಾರಿಯೋದ ಇಂಗ್ಲಿಷ್ ಮನುಷ್ಯ. ಅವನೂ ವಿಧುರ. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ಊರಿಗೆ ಬಂದವಳು ಅಮ್ಮನ ಮುಂದೆ ಕೂತು ವಿಷಯ ತೆಗೆದಳು.

"ಏನು ಕೆಲಸ ಅವನಿಗೆ?" ಎಂದರು ಆಲ್ಫೊನ್ಸೀನ್.

"ಮೊಳೆ, ಸುತ್ತಿಗೆ ಮಾರೋ ಅಂಗಡಿ ಇತ್ತು. ಈಗ ಕೊಟ್ಟುಬಿಟ್ಟಿದ್ದಾನೆ."

"ಕುಡೀತಾನಾ?"

"ಎಷ್ಟು ಬೇಕೋ ಅಷ್ಟು."

"ಫ್ರೆಂಚ್ ಬರುತ್ತಾ?"

"ಬೊಂಜೂರ್ ಅಂತಾನೆ."

"ಆಮೇಲೆ?"

"ಆಮೇಲೆ ನಗ್ತಾನೆ."

ಅಜ್ಜಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಗೋ ಅಳಿಯನ್ನ ಕಟ್ಟಿಕೊಂಡು ನಾನೇನೇ ಮಾಡ್ಲಿ? ನಿಮ್ಮಪ್ಪ ಹೋದ ಮೇಲೆ ಈ ಮನೆಯಲ್ಲಿ ಎದುರುತ್ತರ ಕೊಡೋರೇ ಇಲ್ಲ. ನನ್ನ ಜೊತೆ ಜಗಳ ಆಡೋಕೆ ಬರದವನು ಈ ಮೇಜಿಗೆ ಕೂರೋ ಹಾಗಿಲ್ಲ. ಭಾಷೆ ಕಲ್ತುಕೊಂಡು ಬಾ ಅನ್ನು. ನನಗೆ ಎಂಬತ್ತೇಳು. ಬೇಗ ಕಲಿಯೋಕೆ ಹೇಳು."

ಐವತ್ತು ದಾಟಿದ ಹೆಂಗಸು ಮದುವೆಗೆ ಅಮ್ಮನ ಅಪ್ಪಣೆ ಕೇಳಬೇಕೇ ಎಂದು ನೀವು ಕೇಳಬಹುದು. ಸಾಂ-ಫಾಬ್ರಿಸ್‌ಗೆ ಬಂದು ಆ ಅಜ್ಜಿಯನ್ನೇ ಕೇಳಿ ನೋಡಿ. ಅದೂ ಅಲ್ಲದೆ ಗಿಸ್ಲೇನ್‌ಗೆ ಅಮ್ಮನ ಮೇಲೆ ಜೀವ. ಒಂದೇ ಮನೆಯಲ್ಲಿ ಗಂಡ ಒಂದು ಮೂಲೆ, ಅಮ್ಮ ಒಂದು ಮೂಲೆ ಹಿಡಿದು ಮೂಕರಾಗಿ ಕೂರುವುದನ್ನು ಅವಳು ನೋಡಲಾರಳು. ಹಾಗಾಗಿ ಮಾತು ಆರ್ವಿಲ್‌ಗೆ ಹೋಯಿತು: ಫ್ರೆಂಚ್ ಬಂದರೆ ಮದುವೆ, ಬಾರದಿದ್ದರೆ ಇಲ್ಲ.

ಫ್ರೆಂಚನ್ನು ಬೇಗ ಕಲಿಯುವ ಪರಿಣಾಮಕಾರಿ ವಿಧಾನಗಳು ಲೋಕದಲ್ಲಿ ಎಷ್ಟಿವೆಯೋ ಅಷ್ಟನ್ನೂ ಆರ್ವಿಲ್ ಮಾಡಿ ನೋಡಿದ. ಮನೆಯ ಸಾಮಾನಿಗೆಲ್ಲ ಫ್ರೆಂಚ್ ಹೆಸರಿನ ಚೀಟಿ ಅಂಟಿಸಿದ. ಬೆಕ್ಕಿಗೂ ಅಂಟಿಸಿದ. ಬೆಕ್ಕು ಚೀಟಿಯ ಸಮೇತ ಪಕ್ಕದ ಮನೆಗೆ ಹೋಗಿ ಅಲ್ಲಿಯೇ ಉಳಿಯಿತು. ನಿದ್ದೆಯಲ್ಲಿ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಕಿವಿಗೆ ಪಾಠ ಸಿಕ್ಕಿಸಿಕೊಂಡು ಮಲಗಿದ, ನಿದ್ದೆ ಕೆಟ್ಟಿತು. ಫೋನಿನ ಪಾಠದಲ್ಲಿ 'ನನ್ನ ಆನೆ ಗ್ರಂಥಾಲಯದಲ್ಲಿದೆ' ಎಂದು ನಿರರ್ಗಳವಾಗಿ ಹೇಳಲು ಕಲಿತ. ಆ ವಾಕ್ಯದಿಂದ ಯಾವ ಅತ್ತೆಯೊಡನೆಯೂ ಜಗಳ ತೆಗೆಯಲಾಗದು.

ಕೊನೆಗೆ ಕೆಬೆಕ್ ನಗರಕ್ಕೇ ಬಂದು ಒಂದು ಕೋಣೆ ಹಿಡಿದ. ಅಲ್ಲಿ ಅವನಿಗೆ ಎದುರಾದದ್ದು ನಮ್ಮ ಕಡೆಯವರ ಒಂದು ಹಳೆಯ ರೋಗ. ಅದರ ಹೆಸರು ಮರ್ಯಾದೆ. ಎದುರಿಗಿರುವವನು ಇಂಗ್ಲಿಷಿನವನು, ಫ್ರೆಂಚಿಗೆ ತಿಣುಕುತ್ತಿದ್ದಾನೆ ಎಂದು ಗೊತ್ತಾದ ಕೂಡಲೇ ನಾವು ಕನಿಕರಪಟ್ಟು ಇಂಗ್ಲಿಷಿಗೆ ಜಾರಿಬಿಡುತ್ತೇವೆ. ಆರ್ವಿಲ್ 'ಬೊಂಜೂರ್' ಎಂದರೆ ಸಾಕು, ಹೋಟೆಲಿನವನು ಇಂಗ್ಲಿಷ್, ಬಸ್ಸಿನವನು ಇಂಗ್ಲಿಷ್, ಪಾರ್ಕಿನಲ್ಲಿ ಪಾರಿವಾಳಕ್ಕೆ ಕಾಳು ಹಾಕುವ ಮುದುಕಿಯೂ ಇಂಗ್ಲಿಷ್. ತಾನು ಕಲಿಯಲು ಬಂದವನೆಂದು ಅವನು ಬೇಡಿಕೊಂಡರೆ "ಪರವಾಗಿಲ್ಲ ಬಿಡಿ, ಕಷ್ಟಪಡಬೇಡಿ" ಎಂದು ಅದನ್ನೂ ಇಂಗ್ಲಿಷಿನಲ್ಲೇ ಹೇಳಿದರು. ಮೂರು ವಾರ ಕಳೆಯುವಷ್ಟರಲ್ಲಿ ಅವನ ಬೀದಿಯವರ ಇಂಗ್ಲಿಷ್ ಬಹಳ ಸುಧಾರಿಸಿತ್ತು.

ಆಮೇಲೆ ಅವನು ನಮ್ಮೂರು ಸೇಂತ್-ಫಿಲಿಬೆರ್ತ್‌ಗೆ ಬಂದ. ಚಿಕ್ಕ ಊರಿನವರಿಗೆ ಇಂಗ್ಲಿಷ್ ಬಾರದು ಎಂದು ಯಾರೋ ಅವನಿಗೆ ಹೇಳಿದ್ದರಂತೆ. ನಮ್ಮ ಊರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಮೇ ತಿಂಗಳ ಮಧ್ಯದ ಒಂದು ಬೆಳಿಗ್ಗೆ ಲುಸೆತ್‌ಳ ಬೇಕರಿಯಲ್ಲಿ ನಾನು ಸಾಲಿನಲ್ಲಿ ನಿಂತಿದ್ದೆ. ನಾನು ರೊಸೇರ್, ಈ ಊರಿನ ರಸ್ತೆಗಳ ಹಿಮವನ್ನು ಜೀವಮಾನವಿಡೀ ತಳ್ಳಿ ಈಗ ನಿವೃತ್ತನಾದವನು. ನನ್ನ ಮುಂದೆ ಚೌಕಳಿ ಅಂಗಿಯ, ಕೆಂಪು ಕಿವಿಗಳ ದಪ್ಪ ಮನುಷ್ಯನೊಬ್ಬ ನಿಂತಿದ್ದ. ಅವನು ಉಸಿರು ಎಳೆದುಕೊಂಡು ಫ್ರೆಂಚಿನಲ್ಲಿ ಹೇಳಿದ: "ನಾನು ಒಂದು ಬ್ರೆಡ್ ಆಗಿದ್ದೇನೆ, ದಯವಿಟ್ಟು."

ಲುಸೆತ್‌ಳ ಮುಖ ಅರಳಿತು. ಅವಳ ಹತ್ತಿರ ಒಂದಿಷ್ಟು ಇಂಗ್ಲಿಷ್ ಇತ್ತು, ಹಾಕಿಕೊಳ್ಳಲು ಸಂದರ್ಭ ಸಿಗದ ಹೊಸ ಬಟ್ಟೆಯ ಹಾಗೆ. "ಕತ್ತರಿಸಿ ಕೊಡ್ಲಾ, ಹಾಗೇ ಕೊಡ್ಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಆ ಮನುಷ್ಯ ಕಣ್ಣು ಮುಚ್ಚಿಕೊಂಡ. ನೋವಿನಲ್ಲಿರುವವರ ಮುಖ ನನಗೆ ಗೊತ್ತಾಗುತ್ತದೆ. "ನನಗೆ ಇಂಗ್ಲಿಷ್ ಇಲ್ಲ," ಎಂದ, ಫ್ರೆಂಚಿನಲ್ಲಿ.

"ಇಲ್ವಾ? ಹಾಗಾದ್ರೆ ನೀವು ಎಲ್ಲಿಯವರು?"

ಅವನು ಇದನ್ನು ಯೋಚಿಸಿಟ್ಟಿರಲಿಲ್ಲ. ಕಣ್ಣು ಅಂಗಡಿಯನ್ನೆಲ್ಲ ಸುತ್ತಿ ಬಾಗಿಲ ಬಳಿಯ ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಬಿತ್ತು. "ಐಸ್‌ಲ್ಯಾಂಡ್," ಎಂದ.

ಲುಸೆತ್ ಇಂಗ್ಲಿಷನ್ನು ಮಡಿಸಿ ಒಳಗಿಟ್ಟು, ಕಿವುಡರಿಗೆ ಹೇಳುವ ಹಾಗೆ ಒಂದೊಂದೇ ಪದವನ್ನು ಬಿಡಿಸಿ, "ಬ್ರೆಡ್. ನನಗೆ. ಒಂದು. ಬ್ರೆಡ್. ಬೇಕು. ಹೇಳಿ ನೋಡೋಣ," ಎಂದಳು. ಅವನು ಸರಿಯಾಗಿ ಹೇಳುವತನಕ ಬ್ರೆಡ್ ಕೊಡಲಿಲ್ಲ. ಹಿಂದೆ ನಿಂತಿದ್ದ ನಾವೆಲ್ಲ ಸೇರಿ ತಿದ್ದಿದೆವು. ಬ್ರೆಡ್ ಹಿಡಿದುಕೊಂಡು ಹೊರಟಾಗ ಅವನ ಕಣ್ಣಲ್ಲಿ ನೀರಿತ್ತು.

ನನ್ನ ಮಹಡಿಯ ಕೋಣೆ ಬಾಡಿಗೆಗಿತ್ತು. ಅದನ್ನು ಕೇಳಿಕೊಂಡು ಅದೇ ಮನುಷ್ಯ ಮಧ್ಯಾಹ್ನ ಬಂದ. ನಾನು ಅವನ ಕಾರಿನ ಸುತ್ತ ಒಂದು ಸುತ್ತು ಬಂದೆ.

"ನಿಮ್ಮ ಐಸ್‌ಲ್ಯಾಂಡಲ್ಲಿ ಕಾರಿಗೆ ಒಂಟಾರಿಯೋ ನಂಬರ್ ಹಾಕ್ತಾರಾ?" ಎಂದು ಕೇಳಿದೆ.

ಆರ್ವಿಲ್ ಮೆಟ್ಟಿಲ ಮೇಲೆ ಕುಸಿದು ಕುಳಿತ. ಬ್ರೆಡ್ಡನ್ನು ಮಗುವಿನಂತೆ ಅಪ್ಪಿಕೊಂಡು, ಮೊದಲು ಫ್ರೆಂಚಿನಲ್ಲಿ, ಅದು ಮುಗಿದ ಮೇಲೆ ಇಂಗ್ಲಿಷಿನಲ್ಲಿ, ತನ್ನ ಕಥೆಯನ್ನೆಲ್ಲ ಹೇಳಿದ. ಆಲ್ಫೊನ್ಸೀನ್ ಅವರ ಹೆಸರು ಕೇಳಿದ ಕೂಡಲೇ ನನಗೆ ಅವನ ಮೇಲೆ ಮರುಕ ಹುಟ್ಟಿತು. ನಾನು ಚಿಕ್ಕವನಿದ್ದಾಗ ಆಕೆ ನಮಗೆ ಧರ್ಮಪಾಠ ಹೇಳಿಕೊಡುತ್ತಿದ್ದರು. ದೇವರ ಪರವಾಗಿ ನಾವು ಏನು ಹೇಳಿದರೂ ಅದನ್ನು ಖಂಡಿಸಿ, ನಾವು ಸೋತ ಮೇಲೆ ತಾವೇ ದೇವರ ಪರ ವಾದಿಸಿ ಗೆಲ್ಲುತ್ತಿದ್ದರು.

"ಕಾರನ್ನ ಕೊಟ್ಟಿಗೆಯೊಳಗೆ ತಳ್ಳು," ಎಂದೆ. "ಈ ಕ್ಷಣದಿಂದ ನೀನು ಐಸ್‌ಲ್ಯಾಂಡಿನವನು. ನನ್ನ ಹೆಂಡತಿಗೂ ಹೇಳಬೇಡ. ಅವಳಿಗೆ ಹೇಳಿದ್ರೆ ಇಂಗ್ಲಿಷಲ್ಲಿ ಅಡುಗೆ ಮಾಡಿ ಹಾಕ್ತಾಳೆ."

ನನ್ನ ಹೆಂಡತಿ ಉಗೆತ್‌ಳ ಹೃದಯ ದೊಡ್ಡದು, ಅದಕ್ಕಿಂತ ಬಾಯಿ ದೊಡ್ಡದು. ಐಸ್‌ಲ್ಯಾಂಡಿನವನೊಬ್ಬ ಬಂದಿದ್ದಾನೆಂದು ಅಂದು ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹೋಯಿತು. ಮಂಜಿನ ದೇಶದವನಿಗೆ ಸೆಖೆ ಆಗಬಾರದೆಂದು ಅವಳು ಅವನ ಕೋಣೆಯ ಹೀಟರ್ ಆರಿಸಿ ಕಿಟಕಿಗಳನ್ನು ತೆಗೆದಿಟ್ಟಳು. ಮೇ ತಿಂಗಳಲ್ಲಿ ನದಿಯ ಮೇಲಿಂದ ಬರುವ ಗಾಳಿ ಎಂಥದೆಂದು ನಮಗೆ ಗೊತ್ತು. ಬೆಳಿಗ್ಗೆ ಆರ್ವಿಲ್ ನೀಲಿ ತುಟಿಯಲ್ಲಿ ಕೆಳಗಿಳಿದು ಬಂದು ಹಲ್ಲು ಕಟಕಟಿಸುತ್ತಾ, "ನನಗೆ ಚಳಿ ಇದೆ" ಎಂದು ತಪ್ಪಿಲ್ಲದೆ ಹೇಳಿದ. ಅವಶ್ಯಕತೆಗಿಂತ ದೊಡ್ಡ ಮೇಷ್ಟ್ರಿಲ್ಲ.

"ಪಾಪ, ಚಳಿ ಅಂತಾನೆ. ಸೆಖೆ ಅನ್ನೋ ಪದ ಇನ್ನೂ ಗೊತ್ತಿಲ್ಲ," ಎಂದು ಉಗೆತ್ ಇನ್ನೊಂದು ಕಿಟಕಿ ತೆಗೆದಳು.

ಐಸ್‌ಲ್ಯಾಂಡಿನವರು ಒಣಮೀನು ತಿನ್ನುತ್ತಾರೆಂದು ಎದುರುಮನೆಯವರು ಒಣಮೀನು ತಂದರು. ಅದನ್ನು ಬೇಡವೆನ್ನಲು ಅವನು ನಯವಾಗಿ ನಿರಾಕರಿಸುವ ಮಾತುಗಳನ್ನೆಲ್ಲ ಕಲಿತ. ನಯ ನಾಟದಿದ್ದಾಗ ನಯವಿಲ್ಲದ ಮಾತುಗಳನ್ನು ಗ್ಯಾರೇಜಿನವರಿಂದ ಕಲಿತ. ಉಗೆತ್ ಅವನನ್ನು ಆಲೂಗಡ್ಡೆ ಸುಲಿಯಲು ಕೂರಿಸಿಕೊಂಡು ಊರಿನ ಸಂಬಂಧಗಳನ್ನೆಲ್ಲ ವಿವರಿಸಿದಳು. ಮರುದಿನ ಒಪ್ಪಿಸಬೇಕು. ಯಾರ ಭಾವ ಯಾರ ದೋಣಿ ಮುಳುಗಿಸಿದ ಎಂಬುದರಲ್ಲಿ ತಪ್ಪಿದರೆ ಊಟಕ್ಕೆ ತಡ. ಹೀಗೆ ಅವನಿಗೆ ಭೂತಕಾಲ ಬಂತು. ಇಸ್ಪೀಟಿನ ಮೇಜಿನಲ್ಲಿ ಮೋಸ ಮಾಡಿದವರನ್ನು ದೂರುತ್ತಾ ವರ್ತಮಾನಕಾಲ ಬಂತು. ಇನ್ನು ಐಸ್‌ಲ್ಯಾಂಡಿನವನೆಂದ ಮೇಲೆ ಯಾರಿಗೂ ಇಂಗ್ಲಿಷಿಗೆ ಜಾರುವ ದಾರಿಯೇ ಇರಲಿಲ್ಲ. ಅವನು ಪದ ಸಿಗದೆ ಒದ್ದಾಡಿದರೆ ಇಡೀ ಊರು ಕೆಲಸ ಬಿಟ್ಟು ಅವನೊಂದಿಗೆ ಒದ್ದಾಡುತ್ತಿತ್ತು. ನಾನು ಇಷ್ಟು ವರ್ಷ ಆಡಿದ ಭಾಷೆಗೆ ಇಷ್ಟೊಂದು ಮೇಷ್ಟ್ರುಗಳಿದ್ದಾರೆಂದು ನನಗೇ ತಿಳಿದಿರಲಿಲ್ಲ.

ಎಲ್ಲ ಸರಿಯಾಗಿಯೇ ಹೋಗುತ್ತಿತ್ತು. ಆಗ ಮೇಯರ್ ನೊರ್ಮಾಂದ್ ಪಾಕೆ ಬಂದರು.

ನೊರ್ಮಾಂದ್ ಭಾಷಾಭಿಮಾನಿ. ಅವರ ಸ್ವಂತ ಮಕ್ಕಳು ಟೊರಾಂಟೋದಲ್ಲಿ ಇಂಗ್ಲಿಷಿನಲ್ಲಿ ಸಂಪಾದಿಸುತ್ತಿದ್ದಾರೆ ಎಂಬುದು ಬೇರೆ ಮಾತು. ನನ್ನ ಅಡುಗೆಮನೆಯಲ್ಲಿ ಆರ್ವಿಲ್‌ನ ಎದುರು ಕುಳಿತು, ಅವನನ್ನು ಹೊಸ ಸೇತುವೆಯನ್ನು ನೋಡುವ ಹಾಗೆ ನೋಡಿದರು.

"ನಿಜವಾಗ್ಲೂ ಇಂಗ್ಲಿಷ್ ಒಂದಕ್ಷರ ಬರಲ್ವಾ?"

"ಒಂದೂ ಇಲ್ಲ," ಎಂದ ಆರ್ವಿಲ್.

"ಹಲೋ?"

"ಅದೇನು?" ಎಂದ ಆರ್ವಿಲ್. ಅವನು ಸ್ವಲ್ಪ ಅತಿ ಮಾಡಿದನೆಂದು ನನಗೆ ಅನ್ನಿಸಿತು.

ಮೇಯರ್ ಕರವಸ್ತ್ರ ತೆಗೆದರು. "ರೊಸೇರ್, ಪ್ರಪಂಚದ ಜನ ಎಲ್ಲ ಮೊದಲು ಇಂಗ್ಲಿಷ್ ಕಲೀತಾರೆ. ಸಮುದ್ರ ದಾಟಿ ಬಂದ ಈ ಪುಣ್ಯಾತ್ಮ ನೇರವಾಗಿ ನಮ್ಮ ಭಾಷೆಗೆ ಬಂದಿದ್ದಾನೆ. ಸಾಂ-ಜಾಂ ಹಬ್ಬಕ್ಕೆ ಇವನೇ ಮುಖ್ಯ ಅತಿಥಿ. ಭಾಷಾಭಿಮಾನದ ಭಾಷಣ ಇವನೇ ಮಾಡ್ಬೇಕು."

ಜೂನ್ ಇಪ್ಪತ್ನಾಲ್ಕರ ಸಾಂ-ಜಾಂ ನಮ್ಮ ನಾಡಹಬ್ಬ. ನೀಲಿ ಬಿಳಿ ಬಾವುಟ, ಹಾಡು, ಬೆಂಕಿ, ಬಿಯರು, ಇಂಗ್ಲಿಷಿನವರಿಂದ ಭಾಷೆಯನ್ನು ಕಾಪಾಡಿಕೊಳ್ಳುತ್ತೇವೆಂಬ ಶಪಥ. ಅಲ್ಲಿ ಒಂಟಾರಿಯೋದವನು ಭಾಷಣ ಮಾಡುವುದೆಂದರೆ ಕೋಳಿಗೂಡಿನ ವಾರ್ಷಿಕೋತ್ಸವಕ್ಕೆ ನರಿಯನ್ನು ಕರೆದ ಹಾಗೆ. ಮೇಯರ್ ಹೋದ ಮೇಲೆ ಆರ್ವಿಲ್ ನನ್ನ ಕೈ ಹಿಡಿದುಕೊಂಡ.

"ರೊಸೇರ್, ನಾನು ಓಡಿಹೋಗ್ತೀನಿ."

"ಓಡು. ಗಿಸ್ಲೇನ್‌ಗೆ ಏನು ಹೇಳ್ತೀಯ?"

ಅವನು ಮತ್ತೆ ಕುರ್ಚಿಯಲ್ಲಿ ಕೂತ. ಗಿಸ್ಲೇನ್‌ಗೆ ತಾನು ಒಂಟಾರಿಯೋದ ತಂಗಿ ಮನೆಯಲ್ಲಿ ಕೂತು ಪಾಠ ಓದುತ್ತಿದ್ದೇನೆಂದು ಹೇಳಿದ್ದ. ಮಾತು ಬಂದ ಮೇಲೆ ಒಂದು ದಿನ ಅವಳ ಅಂಗಡಿಗೆ ಹೋಗಿ, ಸೊಗಸಾದ ಫ್ರೆಂಚಿನಲ್ಲಿ ಅರ್ಧ ಕಿಲೋ ಚೀಸ್ ಕೇಳಿ, ಅವಳನ್ನು ಬೆರಗುಗೊಳಿಸುವುದು ಅವನ ಆಸೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂದು ಹೇಳಿ ಅವನನ್ನು ಭಾಷಣ ಬರೆಯಲು ಕೂರಿಸಿದೆ. ಅವನು ಪ್ರತಿದಿನ ಕೊಟ್ಟಿಗೆಯಲ್ಲಿ, ತನ್ನದೇ ಒಂಟಾರಿಯೋ ಕಾರಿನ ಮುಂದೆ ನಿಂತು, ನಮ್ಮ ಭಾಷೆಯನ್ನು ಪ್ರಾಣ ಕೊಟ್ಟು ಕಾಪಾಡಬೇಕೆಂದು ಅಭ್ಯಾಸ ಮಾಡಿದ.

ಇತ್ತ ಮೇಯರ್ ಸುತ್ತಲಿನ ಊರುಗಳಲ್ಲೆಲ್ಲ ಭಿತ್ತಿಪತ್ರ ಹಚ್ಚಿಸಿದ್ದರು. ಸಾಂ-ಫಾಬ್ರಿಸ್‌ನ ಚರ್ಚಿನ ಬಾಗಿಲಲ್ಲಿ ಅದನ್ನು ಓದಿದ ಆಲ್ಫೊನ್ಸೀನ್, "ಇಂಗ್ಲಿಷ್ ಬಾರದ ಮನುಷ್ಯನಂತೆ. ಸಾಯೋ ಮುಂಚೆ ಒಂದ್ಸಲ ನೋಡ್ಬೇಕು, ಕಾರು ತೆಗಿ," ಎಂದು ಮಗಳಿಗೆ ಹೇಳಿದರು. ಇದು ನಮಗೆ ತಿಳಿಯಲಿಲ್ಲ.

ಹಬ್ಬದ ದಿನ ಒಳ್ಳೆಯ ಬಿಸಿಲು. ಚರ್ಚಿನ ಮುಂದಿನ ಮೈದಾನದಲ್ಲಿ ವೇದಿಕೆ, ಅದರ ಮುಂದೆ ಉದ್ದನೆಯ ಊಟದ ಮೇಜುಗಳು. ಆರ್ವಿಲ್ ನೀಲಿ ಅಂಗಿ ತೊಟ್ಟು ವೇದಿಕೆ ಹತ್ತಿದ. ಜನ ಚಪ್ಪಾಳೆ ಹೊಡೆದರು. ಅವನು ಬಾಯಿ ತೆರೆದು ಮುಂದಿನ ಸಾಲನ್ನು ನೋಡಿದ. ಅಲ್ಲಿ ಊರುಗೋಲಿನ ಮೇಲೆ ಗಲ್ಲವೂರಿ ಒಬ್ಬ ಅಜ್ಜಿ ಕೂತಿದ್ದರು. ಪಕ್ಕದಲ್ಲಿ ಗಿಸ್ಲೇನ್.

ಗಿಸ್ಲೇನ್‌ಳ ಕೈಯಲ್ಲಿದ್ದ ಬಿಯರ್ ಲೋಟ ಬಾಯಿಗೂ ಹೋಗದೆ ಕೆಳಗೂ ಬರದೆ ಗಾಳಿಯಲ್ಲಿ ನಿಂತಿತು. ಆರ್ವಿಲ್ ಇಂಗು ತಿಂದ ಮಂಗನಂತಾದ. ಆದರೆ ಮೇಯರ್ ಅವನಿಗೆ ಪುರುಸೊತ್ತು ಕೊಡಲಿಲ್ಲ. "ಭಾಷಣಕ್ಕೆ ಮುಂಚೆ ಒಂದು ಚಿಕ್ಕ ಆಶ್ಚರ್ಯ," ಎಂದು ಮೈಕಿನಲ್ಲಿ ಕೂಗಿದರು. "ನಮ್ಮ ಅತಿಥಿ ತನ್ನವರನ್ನೆಲ್ಲ ಬಿಟ್ಟು ಬಂದು ಒಂಟಿಯಾಗಿದ್ದಾನೆ. ಅದಕ್ಕೆ ರಿಮೂಸ್ಕಿಯ ಬಂದರಿಂದ ಅವನ ದೇಶದವರನ್ನೇ ಕರೆಸಿದ್ದೀನಿ."

ಹೊಂಬಣ್ಣದ ಗಡ್ಡದ ಎತ್ತರದ ಮನುಷ್ಯನೊಬ್ಬ ವೇದಿಕೆ ಹತ್ತಿದ. ಹೆಸರು ಎಗಿಲ್, ಮೀನಿನ ವ್ಯಾಪಾರಿ, ಅಪ್ಪಟ ಐಸ್‌ಲ್ಯಾಂಡಿನವನು. ಆರ್ವಿಲ್‌ನ ಎರಡೂ ಕೈ ಹಿಡಿದು ತನ್ನ ಭಾಷೆಯಲ್ಲಿ ಗಳಗಳನೆ ಏನೋ ಹೇಳಿದ. ಮೈದಾನವೆಲ್ಲ ಉಸಿರು ಬಿಗಿಹಿಡಿದು ಉತ್ತರಕ್ಕೆ ಕಾಯಿತು. ಉಗೆತ್ ಆಗಲೇ ಅಳಲು ಸಿದ್ಧಳಾಗಿ ಕರವಸ್ತ್ರ ಹಿಡಿದಿದ್ದಳು.

ಆರ್ವಿಲ್ ಎಗಿಲ್‌ನ ಕೈಯನ್ನು ನಿಧಾನವಾಗಿ ಬಿಡಿಸಿಕೊಂಡ. ಮೈಕಿನ ಕಡೆ ತಿರುಗಿದ. "ಅಣ್ಣಾ, ಕ್ಷಮಿಸು," ಎಂದ, ಸ್ಪಷ್ಟವಾದ ಫ್ರೆಂಚಿನಲ್ಲಿ. "ಇವತ್ತು ಈ ಊರಲ್ಲಿ ನಾನು ಇವರ ಭಾಷೆ ಬಿಟ್ಟು ಬೇರೆ ಮಾತಾಡಲ್ಲ."

ಆ ಚಪ್ಪಾಳೆಯ ಸದ್ದಿಗೆ ಚರ್ಚಿನ ಗೋಪುರದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಮೇಯರ್ ಅವನನ್ನು ತಬ್ಬಿಕೊಂಡರು. ಬ್ಯಾಂಡಿನವರು ಯಾರೂ ಹೇಳದೆ ಬಾರಿಸಿದರು. ಅವನು ಬರೆದುಕೊಂಡಿದ್ದ ಭಾಷಣವನ್ನು ಯಾರೂ ಕೇಳಲೇ ಇಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ವೇದಿಕೆ ಇಳಿದು ಬಂದ ಎಗಿಲ್ ನನ್ನ ಪಕ್ಕದಲ್ಲಿ ನಿಂತು ತಗ್ಗಿದ ದನಿಯಲ್ಲಿ, "ಇವನು ನಮ್ಮವನಲ್ಲ," ಎಂದ. "ಆದರೆ ಸಾಸೇಜ್ ಚೆನ್ನಾಗಿದೆ. ನಾನೇನೂ ಹೇಳಲ್ಲ." ಒಳ್ಳೆಯ ಮನುಷ್ಯ. ಅವನಿಗೆ ಇನ್ನೊಂದು ಸಾಸೇಜ್ ಹಾಕಿಸಿದೆ.

ಊಟಕ್ಕೆ ಕೂತಾಗ ಆಲ್ಫೊನ್ಸೀನ್ ಅತಿಥಿಯ ಪಕ್ಕದ ಜಾಗವನ್ನು ತಾವೇ ಹಿಡಿದರು. ಎದುರಿಗೆ ಗಿಸ್ಲೇನ್, ಅವಳ ಪಕ್ಕ ನಾನು. ಆರ್ವಿಲ್ ಅವಳ ಮುಖ ನೋಡಲು ಧೈರ್ಯವಿಲ್ಲದೆ ಹುರುಳಿಕಾಳಿನ ತಟ್ಟೆಯನ್ನೇ ನೋಡುತ್ತಿದ್ದ. ಗಿಸ್ಲೇನ್ ನನ್ನ ಕಿವಿಯಲ್ಲಿ, "ಇದೆಲ್ಲ ನಿನ್ನ ಕೆಲಸನಾ?" ಎಂದಳು. ನಾನು ಉಪ್ಪಿನ ಡಬ್ಬಿ ಹುಡುಕಿದೆ.

ಅಜ್ಜಿ ಆರ್ವಿಲ್‌ನನ್ನು ಕೆದಕತೊಡಗಿದರು. ಚರ್ಚಿಗೆ ಹೋಗ್ತೀಯಾ, ಯಾಕೆ ಹೋಗಲ್ಲ, ಮಾಂಸದ ಕಡುಬಿಗೆ ಲವಂಗ ಹಾಕಬೇಕೋ ಬೇಡವೋ. ಅವನು ಎಲ್ಲದಕ್ಕೂ ಉತ್ತರ ಕೊಟ್ಟ. ಲವಂಗ ಬೇಡವೆಂದ. ಅಜ್ಜಿ ಬೇಕೆಂದರು. ಅವನು ಕಾರಣ ಕೊಟ್ಟ. ಅಜ್ಜಿಯ ಕೆನ್ನೆಗೆ ರಂಗು ಬಂತು. ಎಲ್ಲರಿಗೂ ಕೇಳುವ ಹಾಗೆ ಮಗಳಿಗೆ ಹೇಳಿದರು:

"ನೋಡೇ, ಗಂಡಸು ಅಂದ್ರೆ ಹೀಗಿರ್ಬೇಕು. ಆ ಒಂಟಾರಿಯೋದ ನಗೋ ಮಾರಿಯನ್ನ ಬಿಟ್ಹಾಕು. ಇವನನ್ನ ಮಾಡ್ಕೋ."

ಆರ್ವಿಲ್‌ಗೆ ಹುರುಳಿಕಾಳು ಗಂಟಲಿಗೆ ಸಿಕ್ಕಿತು. ಗಿಸ್ಲೇನ್ ಮಾತ್ರ ಬಹಳ ಶಾಂತವಾಗಿದ್ದಳು. "ಇಬ್ಬರಲ್ಲಿ ಯಾರು ಅಂತ ಯೋಚನೆ ಮಾಡ್ತೀನಮ್ಮ," ಎಂದಳು.

"ಯೋಚನೆ ಏನು ಬಂತು? ಒಂಟಾರಿಯೋದವರಿಗೆ ಏನು ಬರುತ್ತೆ? ಮೇಪಲ್ ಪಾಕ ಮಾಡೋಕಾದ್ರೂ ಬರುತ್ತಾ? ಬಣ್ಣದ ನೀರನ್ನ ಬಾಟ್ಲಿಗೆ ತುಂಬಿ ಪಾಕ ಅಂತ ಮಾರ್ತಾರೆ."

ಮನುಷ್ಯ ಬೇರೆ ಏನನ್ನು ಬೇಕಾದರೂ ನುಂಗಿಕೊಳ್ಳುತ್ತಾನೆ. ತಂದೆಯ ಕಸುಬಿಗೆ ಬಂದ ಮಾತನ್ನು ನುಂಗುವುದು ಕಷ್ಟ. ಆರ್ವಿಲ್ ಚಮಚ ಕೆಳಗಿಟ್ಟ.

"ಅದು ತಪ್ಪು," ಎಂದ.

"ಏನು ತಪ್ಪು?"

"ಒಂಟಾರಿಯೋದ ಪಾಕ ನಿಮ್ಮದಕ್ಕಿಂತ ಒಂದು ತೊಟ್ಟೂ ಕಡಿಮೆ ಇಲ್ಲ. ನೀವು ಆತುರಗಾರರು, ಉರಿ ಜಾಸ್ತಿ ಮಾಡ್ತೀರಿ. ಸಕ್ಕರೆ ಸುಡುತ್ತೆ. ಆಮೇಲೆ ಅದಕ್ಕೆ ಘಮ ಅಂತ ಹೆಸರಿಡ್ತೀರಿ."

ಸುತ್ತಲಿನ ಮೇಜಿನವರೆಲ್ಲ ಈ ಕಡೆ ತಿರುಗಿದರು. ಮೇಪಲ್ ಮರದ ರಸ ಕಾಯಿಸಿ ಮಾಡುವ ನಮ್ಮ ಪಾಕದ ಬಗ್ಗೆ ಹೀಗೆ ಮಾತಾಡಿದವರು ಸಾಮಾನ್ಯವಾಗಿ ಊರ ಗಡಿಯಾಚೆ ನಿಂತು ಮಾತಾಡುತ್ತಾರೆ. ಅಜ್ಜಿ ಊರುಗೋಲನ್ನು ನೆಲಕ್ಕೆ ಕುಟ್ಟಿದರು.

"ಪಾಕ ಕಾಯಿಸೋದನ್ನ ನೀನು ನನಗೆ ಹೇಳಿಕೊಡ್ತೀಯಾ?"

"ಹೇಳಿಕೊಡ್ತೀನಿ. ನಮ್ಮಪ್ಪ ನಮ್ಮೂರು ಲ್ಯಾನಾರ್ಕ್‌ನಲ್ಲಿ ಜೀವ ಇರೋವರೆಗೂ ಪಾಕ ಕಾಯಿಸಿದರು. ಮರಕ್ಕೆ ತೂತು ಹಾಕೋದನ್ನ ನಾನು ನಡೆಯೋಕೆ ಕಲಿಯೋ ಮುಂಚೆ ಕಲಿತೆ."

"ಯಾವ ಮರಕ್ಕೆ?" ಎಂದರು ಅಜ್ಜಿ. ಅವರ ದನಿ ಒಮ್ಮೆಲೇ ಮೆತ್ತಗಾಗಿತ್ತು. ಧರ್ಮಪಾಠದ ದಿನಗಳಿಂದ ಆ ಮೆತ್ತನೆಯ ದನಿ ನನಗೆ ಗೊತ್ತು. "ಐಸ್‌ಲ್ಯಾಂಡಲ್ಲಿ ಮೇಪಲ್ ಮರ ಎಲ್ಲಿದೆಯಪ್ಪಾ?"

ಎಗಿಲ್ ಸಾಸೇಜನ್ನು ಬಾಯಿಯಿಂದ ತೆಗೆದ. ಎಲ್ಲರೂ ಅವನ ಕಡೆ ನೋಡಿದರು. ಅವನು ತಲೆಯಾಡಿಸಿದ. ಇಲ್ಲ ಎಂದು.

"ಎಲ್ಲಾದರೂ ಒಂದೆರಡು ಇರಬಹುದು," ಎಂದರು ಮೇಯರ್.

"ಕೂತ್ಕೋ ನೊರ್ಮಾಂದ್," ಎಂದರು ಅಜ್ಜಿ.

ಆರ್ವಿಲ್ ಎದ್ದು ನಿಂತ. ಓಡುತ್ತಾನೆ ಎಂದುಕೊಂಡೆ. ಓಡಲಿಲ್ಲ. "ನಾನು ಐಸ್‌ಲ್ಯಾಂಡಿನವನಲ್ಲ," ಎಂದ. "ಒಂಟಾರಿಯೋದ ಆರ್ವಿಲ್ ಸ್ಟಬ್ಸ್. ನಿಮ್ಮ ಮಗಳನ್ನ ಮದುವೆ ಆಗಬೇಕು ಅಂತ ಇರೋ ನಗೋ ಮಾರಿ ನಾನೇ."

ಉಗೆತ್ ನನ್ನ ಕಡೆ ತಿರುಗಿದಳು. ನಾನು ಆಕಾಶದಲ್ಲಿ ಮೋಡವಿದೆಯೇ ಎಂದು ನೋಡಿದೆ. "ಕಿಟಕಿ ಎಲ್ಲ ತೆಗೆದಿಟ್ಟಿದ್ದೆನಲ್ಲ," ಎಂದು ಅವಳು ಸಣ್ಣಗೆ ಹೇಳಿದಳು. ಮೇಯರ್‌ರ ಮುಖ ಬಾವುಟದ ಬಿಳಿ ಭಾಗದ ಬಣ್ಣಕ್ಕೆ ಬಂದಿತ್ತು.

"ಸುಳ್ಳುಗಾರ," ಎಂದರು ಆಲ್ಫೊನ್ಸೀನ್.

"ಹೌದು, ಸುಳ್ಳು ಹೇಳಿದೆ. ನಿಜ ಹೇಳಿದಾಗ ಯಾರಾದರೂ ನನಗೆ ನಿಮ್ಮ ಭಾಷೆ ಕಲಿಸಿದರಾ? ಬೊಂಜೂರ್ ಅಂದ್ರೆ ಸಾಕು, ಇಂಗ್ಲಿಷ್ ಶುರು. ಬೇಡ ಅಂದ್ರೂ ಇಂಗ್ಲಿಷ್. ನಿಮ್ಮ ಭಾಷೆ ಸಾಯ್ತಿದೆ, ಉಳಿಸಿ ಅಂತ ವರ್ಷಾವರ್ಷ ಬಾವುಟ ಹಾರಿಸ್ತೀರಿ. ಕಲಿಯೋಕೆ ಅಂತ ಬಾಗಿಲಿಗೆ ಬಂದವನನ್ನ ಮರ್ಯಾದೆ ಮಾಡಿ ವಾಪಸ್ ಕಳಿಸ್ತೀರಿ. ನಾನು ಇಂಗ್ಲಿಷಿನವನಾಗಿದ್ದಾಗ ನನಗೆ ಬ್ರೆಡ್ ಸಿಕ್ತು, ಮಾತು ಸಿಗಲಿಲ್ಲ. ಮಾತು ಸಿಗಬೇಕಾದ್ರೆ ಐಸ್‌ಲ್ಯಾಂಡಿನವನಾಗಬೇಕಾಯ್ತು. ಇದು ನನ್ನ ತಪ್ಪಾ, ನಿಮ್ಮದಾ?"

ಲುಸೆತ್ ತಲೆ ತಗ್ಗಿಸಿದಳು. ನಾವೆಲ್ಲ ತಗ್ಗಿಸಿದೆವು. ನಾಚಿಕೆಯಾಯಿತು, ಅದರ ಜೊತೆಗೆ ಹೆಮ್ಮೆಯೂ ಆಯಿತು. ಯಾಕೆಂದರೆ ಆ ಬೈಗುಳದಲ್ಲಿ ಲುಸೆತ್‌ಳ ಉಚ್ಚಾರವಿತ್ತು, ಉಗೆತ್‌ಳ ಗತ್ತಿತ್ತು, ಗ್ಯಾರೇಜಿನವರ ಎರಡು ಪದಗಳೂ ಇದ್ದವು. ಅವನನ್ನು ನಾವೇ ತಯಾರಿಸಿದ್ದೆವು.

ಮೊದಲು ಚೇತರಿಸಿಕೊಂಡವರು ಮೇಯರ್. ರಾಜಕೀಯದವರ ಗಾಯ ಬೇಗ ಮಾಯುತ್ತದೆ. ಕುರ್ಚಿಯ ಮೇಲೆ ಹತ್ತಿ ನಿಂತು, "ಬಂಧುಗಳೇ, ಇದು ಇನ್ನೂ ದೊಡ್ಡ ಸುದ್ದಿ," ಎಂದರು. "ಐಸ್‌ಲ್ಯಾಂಡಿನವನಿಗೆ ಯಾರು ಬೇಕಾದ್ರೂ ಫ್ರೆಂಚ್ ಕಲಿಸಬಹುದು. ಒಂಟಾರಿಯೋದವನಿಗೆ ಕಲಿಸಿದ ಊರು ಈ ಪ್ರಪಂಚದಲ್ಲಿ ಸೇಂತ್-ಫಿಲಿಬೆರ್ತ್ ಒಂದೇ." ಜನ ಸ್ವಲ್ಪ ಯೋಚಿಸಿ ಚಪ್ಪಾಳೆ ಹೊಡೆದರು. ಬ್ಯಾಂಡಿನವರು ಮತ್ತೆ ಬಾರಿಸಿದರು.

ಆದರೆ ಈ ವಿಜಯೋತ್ಸವದ ಕಡೆಗೆ ಅಜ್ಜಿಗೂ ಆರ್ವಿಲ್‌ಗೂ ಗಮನವೇ ಇರಲಿಲ್ಲ.

"ಭಾಷೆ ವಿಷಯ ಒಪ್ಪಿದೆ," ಎನ್ನುತ್ತಿದ್ದರು ಅಜ್ಜಿ. "ಪಾಕದ ವಿಷಯ ಒಪ್ಪಲ್ಲ. ಉರಿ ಜಾಸ್ತಿ ಇರ್ಲೇಬೇಕು."

"ಇರಬಾರದು."

"ನಿಮ್ಮಪ್ಪನಿಗೆ ಸೋಮಾರಿತನ."

"ನಮ್ಮಪ್ಪನಿಗೆ ತಾಳ್ಮೆ. ಆ ಪದ ನಿಮ್ಮ ಊರಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ."

"ನಾಲಿಗೆ ಉದ್ದ ಆಯ್ತು. ಉಚ್ಚಾರ ಮಾತ್ರ ಇನ್ನೂ ಕೆಟ್ಟದಾಗಿದೆ."

"ನಿಮಗೆ ಅರ್ಥ ಆಗ್ತಿದೆಯಲ್ಲ, ಸಾಕು."

ಕಾಫಿ ಬಂತು, ಆರಿತು. ಮಕ್ಕಳು ಮೈದಾನದಲ್ಲಿ ಹಗ್ಗಜಗ್ಗಾಟ ಆಡಿ ಮುಗಿಸಿದರು. ವಾದ ಪಾಕದಿಂದ ಲವಂಗಕ್ಕೆ, ಲವಂಗದಿಂದ ಪೋಪ್‌ಗೆ, ಅಲ್ಲಿಂದ ಮರದ ಮೊಳೆಗೂ ಕಬ್ಬಿಣದ ಮೊಳೆಗೂ ಇರುವ ವ್ಯತ್ಯಾಸಕ್ಕೆ ಹೋಯಿತು. ಮೊಳೆಯಲ್ಲಿ ಆರ್ವಿಲ್ ಗೆದ್ದ. ಪೋಪ್‌ನಲ್ಲಿ ಸೋತ. ಅಜ್ಜಿಯ ಬೆನ್ನು ನೆಟ್ಟಗಾಗಿತ್ತು, ಕಣ್ಣು ಹೊಳೆಯುತ್ತಿತ್ತು, ಊರುಗೋಲು ಯಾವಾಗಲೋ ಮೇಜಿನ ಕೆಳಗೆ ಬಿದ್ದಿತ್ತು. ಯಾರೂ ಎತ್ತಿಕೊಡಲಿಲ್ಲ, ಅವರಿಗೂ ಬೇಕಾಗಲಿಲ್ಲ.

ನಡುವೆ ಎಲ್ಲೋ, ಒಪ್ಪಿಗೆ ಕೊಡುತ್ತೇನೆಂಬ ಮಾತನ್ನೇ ಆಡದೆ, ಆಲ್ಫೊನ್ಸೀನ್ ಮುಂದಿನದಕ್ಕೆ ದಾಟಿಬಿಟ್ಟರು. "ಮದುವೆ ಸೆಪ್ಟೆಂಬರ್‌ನಲ್ಲಿ," ಎಂದರು.

"ಆಗಸ್ಟ್‌ನಲ್ಲಿ," ಎಂದ ಆರ್ವಿಲ್. ಅವನಿಗೂ ಆ ಕ್ಷಣಕ್ಕೆ ಏನಾಯಿತೆಂದು ತಿಳಿದಂತಿರಲಿಲ್ಲ.

"ಆಗಸ್ಟ್‌ನಲ್ಲಿ ಚರ್ಚಿನ ಛಾವಣಿ ರಿಪೇರಿ."

"ಛಾವಣಿ ನಾನೇ ಮಾಡಿಕೊಡ್ತೀನಿ. ಮೊಳೆ ನನಗೆ ಗೊತ್ತು."

"ಸೆಪ್ಟೆಂಬರ್."

"ಆಗಸ್ಟ್."

ಮದುವೆಗೆ ಒಪ್ಪಿಗೆ ಸಿಕ್ಕಿತೆಂದು ಗಿಸ್ಲೇನ್‌ಗೆ ಮಾತ್ರ ತಿಳಿದಿತ್ತು. ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ನನ್ನನ್ನ ಕೇಳಿದ್ರೆ, ಜುಲೈನಲ್ಲೇ," ಎಂದು ಶುರುಮಾಡಿದಳು.

ಅತ್ತೆಯೂ ಅಳಿಯನೂ ಒಟ್ಟಿಗೆ ಅವಳ ಕಡೆ ತಿರುಗಿದರು. "ನೀನು ಸುಮ್ನಿರು," ಎಂದರು, ಒಂದೇ ದನಿಯಲ್ಲಿ, ಒಂದೇ ಉಚ್ಚಾರದಲ್ಲಿ. ಮತ್ತೆ ಒಬ್ಬರಿಗೊಬ್ಬರು ಮುಖ ಮಾಡಿ ವಾದ ಮುಂದುವರಿಸಿದರು.

ಗಿಸ್ಲೇನ್ ನನ್ನ ತೋಳಿಗೆ ಒರಗಿ ಅಳುವುದಕ್ಕೂ ನಗುವುದಕ್ಕೂ ಒಟ್ಟಿಗೆ ಹೊರಟು, ಕೊನೆಗೆ ನಕ್ಕಳು. "ಮುಗೀತು ರೊಸೇರ್. ಇವರಿಬ್ಬರೂ ಒಂದಾಗಿಬಿಟ್ಟರು. ಇನ್ನು ಆ ಮನೆಯಲ್ಲಿ ನನ್ನ ಪರ ಮಾತಾಡೋರು ಒಬ್ಬರೂ ಇಲ್ಲ," ಎಂದಳು. ಅಷ್ಟು ಸಂತೋಷದಿಂದ ಒಂಟಿಯಾದವರನ್ನು ನಾನು ಈವರೆಗೆ ನೋಡಿಲ್ಲ.